ಎರಡನೇ ರೌಂಡಿನ ಮಾತು

ಬಾಕ್ಸಿಂಗ್ ರಿಂಗಿನಲ್ಲಿ ರಕ್ಷಾಳ ಕೈಯಲ್ಲಿ ಮತ್ತೊಮ್ಮೆ ಸೋತು ಬಂದ ಮೇಲೆ ಶರಣ್ಯಾ ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು. ರಾಯಚರ್ಲಿನ ವಿದ್ಯುತ್ ಘಟಕದಲ್ಲಿ ಸೋಲಾರ್ ಪ್ಲೇಟು ಒರೆಸುವುದು ಅವಳ ಕೂಲಿ ಕೆಲಸ. ನೀರು ಹಾಕಿ ಒರೆಸಿದ ಮೇಲೆ ಗಾಜಿನಲ್ಲಿ ತನ್ನ ಮುಖವೇ ಕಾಣುತ್ತಿತ್ತು. ಒಂದು ಪ್ಲೇಟು ಮುಗಿಸಿ ಪಕ್ಕದ್ದಕ್ಕೆ ಹೋದರೆ ಅಲ್ಲೂ ಅದೇ ಮುಖ, ಅದೇ ಊತ.

ಅವಳ ತಾಯಿ ಓಬಳಮ್ಮ ಕೂಗಾಡುವ ಹೆಂಗಸಲ್ಲ. ಮಗಳು ಹತ್ತು ವರ್ಷ ಗುದ್ದಾಡಿಕೊಂಡು ತಿರುಗಿದರೂ ಊರವರ ಮಾತನ್ನು ತಾನೇ ನುಂಗಿಕೊಂಡು ಸುಮ್ಮನಿದ್ದವಳು. ಈ ಸಲ ಮಾತ್ರ ಊಟಕ್ಕೆ ಬಡಿಸುತ್ತ ಹೇಳಿದಳು: "ಇದೊಂದ್ಸಾರಿ ನೋಡ್ಬುಡು. ಆಗ್ಲಿಲ್ಲ ಅಂದ್ರೆ ಕೊರಟಗೆರೆಯೋರಿಗೆ ನಾ ಮಾತು ಕೊಟ್ಬುಡ್ತೀನಿ. ಆಮ್ಯಾಕೆ ಅದು ಇದು ಅನ್ನಂಗಿಲ್ಲ."

"ಆಯ್ತು" ಎಂದಳು ಶರಣ್ಯಾ.

ಹುಡುಗ ಕೆಟ್ಟವನೇನಲ್ಲ. ಕೊರಟಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಆದರೆ ಮದುವೆಯಾದ ಮೇಲೆ ಈ ಆಟವೆಲ್ಲ ಬೇಡವೆಂದು ಅವರ ಮನೆಯವರು ಮೊದಲೇ ಹೇಳಿ ಕಳಿಸಿದ್ದರು. ಶರಣ್ಯಾಳಿಗೆ ಉಳಿದಿದ್ದ ದಾರಿ ಒಂದೇ. ಶಿರಾದಲ್ಲಿ ನಡೆಯುವ ಆಯ್ಕೆ ಪಂದ್ಯ ಗೆದ್ದರೆ ರಾಜ್ಯ ಮಟ್ಟಕ್ಕೆ ಹೋಗಬಹುದು, ಅಲ್ಲಿ ಆಡಿದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು. ಬರುವ ವರ್ಷ ಅವಳ ವಯಸ್ಸು ಮೀರಿಹೋಗುತ್ತಿತ್ತು. ಅವಳ ತೂಕದಲ್ಲಿ ಸೋಲಿಸಬೇಕಾದವಳು ಒಬ್ಬಳೇ, ಮದಲೂರಿನ ರಕ್ಷಾ. ಹತ್ತೊಂಬತ್ತರ ಹುಡುಗಿ. ಅವಳ ಕೈ ಹೊರಟದ್ದು ಕಾಣುವ ಮೊದಲೇ ಏಟು ಬಿದ್ದಿರುತ್ತಿತ್ತು.

ಶನಿವಾರ ಶರಣ್ಯಾ ಬಸ್ಸು ಹತ್ತಿ ಮಧುಗಿರಿಗೆ ಬಂದಳು. ಅಲ್ಲಿ ಬೆಟ್ಟದ ಬುಡದ ಹಳೆಯ ಕಡಲೆಕಾಯಿ ಗೋಡೌನಿನಲ್ಲಿ ಸುರೇಶ್ ಬಾಕ್ಸಿಂಗ್ ಕಲಿಸುತ್ತಿದ್ದ. ಹಗಲು ಮೊಬೈಲ್ ರಿಪೇರಿ ಅಂಗಡಿ, ಸಂಜೆ ಇದು. ಒಂದು ಕಾಲದಲ್ಲಿ ಯೂನಿವರ್ಸಿಟಿಗೆ ಆಡಿದವನು. ಅವನಿಗೆ ಎರಡು ಹುಚ್ಚು, ಒಂದು ಬಾಕ್ಸಿಂಗು, ಇನ್ನೊಂದು ಬಾಕ್ಸಿಂಗ್ ಸಿನಿಮಾ. ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಎಲ್ಲ ಅವನ ಲ್ಯಾಪ್‌ಟಾಪಿನಲ್ಲಿದ್ದವು. ಹುಡುಗರು ಹೋದ ಮೇಲೆ ಶರಣ್ಯಾಳನ್ನು ಕೂರಿಸಿಕೊಂಡು ಒಂದು ಸಿನಿಮಾ ಹಾಕಿದ. ಗಂಟೆ ಹೊಡೆಯುವ ಮೊದಲು ಖಳನಾಯಕ ಹೀರೋನ ಕಿವಿಯ ಹತ್ತಿರ ಬಂದು ಏನೋ ಹೇಳುತ್ತಾನೆ. ಹೀರೋ ಕಣ್ಣು ಕೆಂಪಾಗಿ ಗೂಳಿಯ ಹಾಗೆ ನುಗ್ಗುತ್ತಾನೆ. ಸುರೇಶ್ ಅಲ್ಲಿಗೆ ನಿಲ್ಲಿಸಿದ.

"ಇಲ್ನೋಡು. ಇವ್ನ ಎಡಗೈ ಎಲ್ಲೈತೆ? ಸೊಂಟದತ್ರ. ಮುಖ ಪೂರ್ತಿ ತೆರ್ಕೊಂಡೈತೆ. ಹೊಡ್ತದಿಂದ ಅಲ್ಲ ಕಣಮ್ಮ, ಒಂದ್ ಮಾತಿಂದ. ಸಿಟ್ಟು ಬಂದೋನು ಗಾರ್ಡ್ ಮರೀತಾನೆ, ಮುಖದ್ ಮುಂದೆ ಕೈ ಇಡೋದ್ನ."

"ಸಿನ್ಮಾದಲ್ಲಿ ಬಾಯಿಗೆ ಗಾರ್ಡೇ ಇರಲ್ವಾ ಸಾರ್?"

"ಇರ್ತದೆ. ಮಾತಾಡುವಾಗ ಮಾತ್ರ ಇರಲ್ಲ" ಎಂದು ಸುರೇಶ್ ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: "ನಿನ್ ಕೈ ಅವ್ಳಿಗಿಂತ ನಿಧಾನ. ಅದನ್ನ ನಾನು ಸರಿ ಮಾಡಕ್ಕಾಗಲ್ಲ. ನಿಂಗೆ ಬಾಯೊಂದು ಉಳ್ದೈತೆ."

ಮಾರನೆಯ ದಿನ ಸಹನಾಳ ಜೊತೆ ಅಭ್ಯಾಸಕ್ಕೆ ಇಳಿದಾಗ ಶರಣ್ಯಾ ಅದನ್ನೂ ಮಾಡಿ ನೋಡಿದಳು. ಸಹನಾ ಬಡವನಹಳ್ಳಿಯವಳು, ಪಿಯುಸಿ ಓದುತ್ತಿದ್ದಳು. "ನಿನ್ನೇಟು ಸೊಳ್ಳೆ ಕಚ್ಚಿದಂಗೈತೆ" ಎಂದು ಶರಣ್ಯಾ ಹೇಳಿದ್ದು ಹಲ್ಲಿಗೆ ಕಚ್ಚಿಕೊಂಡಿದ್ದ ಮೌತ್‌ಗಾರ್ಡಿನ ಆಚೆ ಬರುವ ಹೊತ್ತಿಗೆ ಏನೇನೋ ಆಗಿತ್ತು. ಸಹನಾಳಿಗೆ ನಗು ತಡೆಯಲಾಗದೆ ಹಗ್ಗಕ್ಕೆ ಒರಗಿ ನಿಂತಳು. ಹೊರಗಿದ್ದ ಸುರೇಶನಿಗೆ ಮಾತ್ರ ನಗು ಬರಲಿಲ್ಲ.

"ಬೈಯೋದಲ್ಲ ಇದು. ಬೈದ್ರೆ ಯಾರ್ ಮನ್ಸೂ ಒಡ್ಯಲ್ಲ. ಅವ್ಳಿಗೆ ಎಲ್ಲಿ ನೋವೈತೆ ಅಂತ ಮೊದ್ಲು ತಿಳ್ಕೋ. ಅಲ್ಲಿಗೆ ಒಂದೇ ಒಂದು ಮಾತು."

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಕೊರಟಗೆರೆಯ ಅಂಗಡಿ ಕಣ್ಣಿಗೆ ಬರುತ್ತಿತ್ತು. ತಾನು ಅಲ್ಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮೊಳೆ ತೂಗುತ್ತಿರುವ ಹಾಗೆ. ಮುಂದಿನ ರಜೆಯ ದಿನ ಅವಳು ಮಧುಗಿರಿಗೆ ಹೋಗಲಿಲ್ಲ. ಶಿರಾದಲ್ಲಿಳಿದು ಮದಲೂರಿನ ಬಸ್ಸು ಹಿಡಿದಳು. ರಕ್ಷಾ ಶಿರಾದ ಕಾಲೇಜು ಹಾಸ್ಟೆಲಿನಲ್ಲಿರುತ್ತಾಳೆ, ಮನೆಯಲ್ಲಿ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ರಕ್ಷಾಳ ತಾಯಿ ಇಂದ್ರಮ್ಮ ಪಡಸಾಲೆಯಲ್ಲಿ ಕೂತು ರವಿಕೆ ಹೊಲಿಯುತ್ತಿದ್ದಳು. "ನಾನು ರಕ್ಷಾ ಜೊತೆ ಆಡೋಳು" ಎಂದಳು ಶರಣ್ಯಾ. ಸುಳ್ಳೇನೂ ಅಲ್ಲ. ಇಂದ್ರಮ್ಮನ ಮುಖ ಅರಳಿತು.

"ಬಾಮ್ಮ, ಒಳೀಕ್ ಬಾ. ಅವ್ಳ ಸ್ನೇಹಿತ್ರು ಅಂತ ಈ ಮನೆಗೆ ಯಾರೂ ಬಂದೋರೇ ಇಲ್ಲ."

ಮುದ್ದೆ, ಹುರುಳಿಕಾಳಿನ ಸಾರು. ಕೈತೊಳೆದು ಕೂತ ಶರಣ್ಯಾ ಗೋಡೆಯ ಮೇಲಿನ ಫೋಟೋ ನೋಡಿದಳು. ಎಂಟು ವರ್ಷದ ಹುಡುಗ, ಶಾಲೆಯ ಟೈ ಕಟ್ಟಿಕೊಂಡಿದ್ದ. ಹೂವಿನ ಹಾರ ಹಾಕಿತ್ತು.

"ನನ್ನ ಮಗ, ಪ್ರಭು" ಎಂದಳು ಇಂದ್ರಮ್ಮ. ಶರಣ್ಯಾ ಕೇಳಿರಲಿಲ್ಲ, ಕೇಳಬೇಕಾಗಿಯೂ ಬರಲಿಲ್ಲ. "ಕೆರೆ ತುಂಬಿದ ವರ್ಷ. ನೋಡಕ್ಕೆ ಊರಿಗೂರೇ ಹೋಗ್ತಿತ್ತು. ಇವ್ನು ಅಕ್ಕನ್ ಜೊತೆ ಹೋಗ್ತೀನಿ ಅಂತ ಹಟ ಹಿಡ್ದ. ಕರ್ಕೊಂಡೋಗೆ ಅಂದೆ. ಅವ್ಳು ದಿನಾ ಏರಿ ಮೇಲೆ ಓಡೋಳು, ಈ ಬಾಕ್ಸಿಂಗಿಗೆ. ಮೆಟ್ಲತ್ರ ಕೂರ್ಸಿ, ಇಲ್ಲೇ ಇರ್ಲಾ ಬಂದ್ಬುಡ್ತೀನಿ ಅಂತ ಓಡವ್ಳೆ. ಆ ತುದಿ ಮುಟ್ಕೊಂಡು ತಿರುಗಿ ಬರೋ ಹೊತ್ಗೆ ಮೆಟ್ಲ ಮೇಲೆ ಚಪ್ಲಿ ಅಷ್ಟೇ ಇದ್ದಿದ್ದು."

ಇಂದ್ರಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ನಾನು ಅವ್ಳಿಗೆ ಒಂದ್ ಮಾತೂ ಅಂದಿಲ್ಲ ಕಣಮ್ಮ. ಅವ್ಳೂ ಒಂದ್ ಮಾತು ಕೇಳಿಲ್ಲ. ಉಂಡ್ಯಾ, ಬಸ್ ಸಿಕ್ತಾ, ಇಷ್ಟೇ ನಾವಿಬ್ರು ಮಾತಾಡೋದು. ಮನೆಗೆ ಬಂದ್ರೂ ಒಂದ್ ರಾತ್ರಿ ನಿಲ್ಲಲ್ಲ."

ಶರಣ್ಯಾಳ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ಕಣ್ಣೀರೇ. ಅದೇ ಹೊತ್ತಿನಲ್ಲಿ ಒಳಗಿನಿಂದ ಯಾರೋ 'ಸಿಕ್ಕಿತು' ಅಂದ ಹಾಗೂ ಆಯಿತು. ಎರಡೂ ಒಂದೇ ಎದೆಯಲ್ಲಿ ಹೇಗೆ ಹುಟ್ಟಿದವೋ ಅವಳಿಗೆ ತಿಳಿಯಲಿಲ್ಲ. ಬೇಗ ಬೇಗ ಉಂಡು ಎದ್ದಳು. ಹೊರಡುವಾಗ ಇಂದ್ರಮ್ಮ ಒಂದು ಡಬ್ಬಿ ಚಟ್ನಿಪುಡಿ ತುಂಬಿ ಅವಳ ಕೈಗಿತ್ತಳು. "ರಕ್ಷಾಗೆ ಕೊಡಮ್ಮ. ಹಾಸ್ಟೆಲ್ ಊಟ ಅವ್ಳಿಗೆ ಸೇರಲ್ಲ."

ಪಂದ್ಯದ ದಿನ ಬೆಳಿಗ್ಗೆ ಶಿರಾದ ಒಂದು ಕಾಲೇಜಿನ ಹಾಲಿನಲ್ಲಿ ತೂಕ ನೋಡುತ್ತಿದ್ದರು. ರಕ್ಷಾ ಸಾಲಿನಲ್ಲಿ ಇವಳ ಹಿಂದೆಯೇ ನಿಂತಿದ್ದಳು. ಶರಣ್ಯಾ ಡಬ್ಬಿ ಕೊಟ್ಟಳು.

"ನಿಮ್ಮಮ್ಮ ಕೊಟ್ರು."

ರಕ್ಷಾ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ನಮ್ಮನೇಗೆ ಹೋಗಿದ್ಯಾ ಅಕ್ಕ?" ಆಮೇಲೆ ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದಳು. "ಅಮ್ಮ ಏನಾದ್ರೂ ಅಂದ್ರಾ?"

ಆ ಮುಖವನ್ನು ಶರಣ್ಯಾಳಿಗೆ ನೋಡಲಾಗಲಿಲ್ಲ. "ಚೆನ್ನಾಗವ್ರೆ" ಎಂದು ಹೇಳಿ ಆ ಕಡೆ ಹೋದಳು. ಗೋಡೆಗೆ ಒರಗಿ ನಿಂತು, ಹೇಳುವುದಿಲ್ಲ, ಏನಾದರೂ ಆಗಲಿ ನಾನು ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಸುರೇಶ್ ಬಂದು "ಏನಾರಾ ಸಿಕ್ತಾ?" ಎಂದಾಗ "ಸಿಕ್ತು ಸಾರ್, ಆದ್ರೆ ಬೇಡ" ಎಂದಳು. ಏನು ಅಂತ ಅವನು ಕೇಳಲಿಲ್ಲ.

ಮೊದಲ ರೌಂಡು ಪೂರ್ತಿ ರಕ್ಷಾಳದಾಯಿತು. ಶರಣ್ಯಾ ಎಡಕ್ಕೆ ಹೋದರೆ ಅಲ್ಲೊಂದು ಕೈ, ಬಲಕ್ಕೆ ಹೋದರೆ ಅಲ್ಲೊಂದು. ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತಾಗ ಉಸಿರು ಸಿಳ್ಳೆಯ ಹಾಗೆ ಬರುತ್ತಿತ್ತು. ಸುರೇಶ್ ಬಾಯಿಗೆ ನೀರು ಹಾಕಿ ಮುಖ ಒರೆಸಿದ.

"ಇನ್ನೊಂದ್ ರೌಂಡು ಹಿಂಗಾದ್ರೆ ಮುಗೀತು. ಬಸ್ಸಲ್ಲಿ ಕೂತ್ಕೊಂಡು ಅಯ್ಯೋ ಅಂದ್ರೆ ಬರಲ್ಲ. ನಿಂಗ್ ಇನ್ನೊಂದ್ ವರ್ಷ ಇಲ್ಲ ಶರಣ್ಯಾ. ಮಾತಾಡು."

ಎರಡನೇ ರೌಂಡಿನಲ್ಲಿ ಬಲಗಡೆಯಿಂದ ಬಂದ ಏಟು ಅವಳಿಗೆ ಕಾಣಲೇ ಇಲ್ಲ. ಕಣ್ಣು ಬಿಟ್ಟಾಗ ಒಂದು ಮೊಣಕಾಲು ನೆಲದ ಮೇಲಿತ್ತು, ರೆಫರಿ ಬೆರಳು ಎತ್ತಿ ಎಣಿಸುತ್ತಿದ್ದ. ಎದ್ದಳು. ಮುಂದೆ ರಕ್ಷಾ ಬರುತ್ತಿದ್ದಳು. ಅವಳ ಹಿಂದೆ ಅಂಗಡಿ, ಗಲ್ಲಾಪೆಟ್ಟಿಗೆ, ಮೊಳೆಯ ತಕ್ಕಡಿ ಕಂಡ ಹಾಗಾಯಿತು. ಶರಣ್ಯಾ ಹೋಗಿ ಅವಳನ್ನು ತಬ್ಬಿ ಹಿಡಿದಳು. ಬಿಟ್ಟರೆ ಬಿದ್ದುಹೋಗುವೆನೆಂದು ಹಿಡಿದದ್ದು. ರಕ್ಷಾಳ ಕಿವಿ ಅವಳ ತುಟಿಯ ಹತ್ತಿರವೇ ಬಂತು. ನಾಲಿಗೆಯಿಂದ ಮೌತ್‌ಗಾರ್ಡನ್ನು ಕೆನ್ನೆಯ ಪಕ್ಕಕ್ಕೆ ನೂಕಿದಳು.

"ನಿಮ್ಮಮ್ಮ ಅಂದ್ರು. ಪ್ರಭುನ ನುಂಗಿದ್ದು ಕೆರೆ ಅಲ್ವಂತೆ. ನೀನಂತೆ."

ರೆಫರಿ ಇಬ್ಬರನ್ನೂ ಬಿಡಿಸಿದ. ರಕ್ಷಾ ಕೆರಳುತ್ತಾಳೆ, ನುಗ್ಗುತ್ತಾಳೆ, ಎಡಗೈ ಕೆಳಗಿಳಿಯುತ್ತದೆ ಎಂದು ಶರಣ್ಯಾ ಕಾದು ನಿಂತಳು. ಸಿನಿಮಾದಲ್ಲಿ ಹಾಗೇ ಆಗಿತ್ತು. ರಕ್ಷಾ ಕೆರಳಲಿಲ್ಲ. ಸರಿಯಾಗಿ ಕೇಳಿಸದವರು ಇನ್ನೊಮ್ಮೆ ಹೇಳಿ ಎನ್ನುವ ಹಾಗೆ ತಲೆಯನ್ನು ಸ್ವಲ್ಪ ಮುಂದಕ್ಕೆ ತಂದಳು. ಆಮೇಲೆ ಅವಳ ಎರಡೂ ಕೈ ಕೆಳಗಿಳಿದವು. ಅವಳು ಅಲ್ಲಿ ಸುಮ್ಮನೆ ನಿಂತುಬಿಟ್ಟಳು.

ಶರಣ್ಯಾ ಹೊಡೆದಳು. ಕೈಗೆ ಹತ್ತು ವರ್ಷದಿಂದ ಕಲಿಸಿದ್ದು ಅದೊಂದೇ, ತೆರೆದ ಮುಖ ಕಂಡರೆ ಹೋಗುವುದು. ಮತ್ತೆ ಹೊಡೆದಳು. ರಕ್ಷಾ ಕಣ್ಣು ಕೂಡ ಮುಚ್ಚಲಿಲ್ಲ. ಏಟು ತನಗೆ ಬರಬೇಕಾದದ್ದೇ ಎನ್ನುವ ಹಾಗೆ ನಿಂತು ತೆಗೆದುಕೊಂಡಳು. ರೆಫರಿ ನಡುವೆ ಬಂದು ಎಣಿಸಿದ, ಕೈ ಎತ್ತು ಎಂದ. ಅವಳು ಎತ್ತಲಿಲ್ಲ. ಪಂದ್ಯ ಅಲ್ಲಿಗೆ ನಿಂತಿತು. ಶರಣ್ಯಾಳ ಕೈಯನ್ನು ರೆಫರಿ ಮೇಲೆತ್ತಿದಾಗ ಅದು ಯಾರದೋ ಕೈ ಇದ್ದ ಹಾಗಿತ್ತು.

ಸುರೇಶ್ ಅವಳನ್ನು ಎತ್ತಿ ಕುಣಿಸಿದ. "ನೋಡ್ದ್ಯಾ? ನಾ ಹೇಳಿರ್ಲಿಲ್ವಾ?"

ಬಟ್ಟೆ ಬದಲಿಸುವ ಕೋಣೆಗೆ ಬಂದಾಗ ರಕ್ಷಾ ಇರಲಿಲ್ಲ. ಬ್ಯಾಗು ಇತ್ತು, ಚಟ್ನಿಪುಡಿಯ ಡಬ್ಬಿ ಮುಚ್ಚಳ ತೆಗೆದ ಹಾಗೇ ಬೆಂಚಿನ ಮೇಲಿತ್ತು. ಸುರೇಶನ ಜೊತೆ ಬಂದಿದ್ದ ಸಹನಾ ಪಕ್ಕದಲ್ಲಿ ನಿಂತಿದ್ದಳು.

"ರಕ್ಷಾ ಎಲ್ಲಿ?"

"ಹೊರಟೋದ್ಲು ಅಕ್ಕ. ಕೈಗೆ ಸುತ್ತಿದ್ದ ಪಟ್ಟೀನೂ ಬಿಚ್ಚಿಲ್ಲ. ಕೂಗ್ದೆ, ತಿರುಗಿ ನೋಡ್ಲಿಲ್ಲ. ಮದಲೂರು ಬಸ್ ಹತ್ತಿದಂಗಾಯ್ತು."

ಶರಣ್ಯಾ ರಕ್ಷಾಳ ನಂಬರಿಗೆ ಫೋನ್ ಮಾಡಿದಳು. ಅದು ಬ್ಯಾಗಿನೊಳಗೇ ರಿಂಗಾಯಿತು.

ಅವಳು ಹಾಗೇ ರಸ್ತೆಗೆ ಓಡಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಆಟೋ ಜನ ತುಂಬಲೆಂದು ಕಾಯುತ್ತಿತ್ತು. ಮದಲೂರಿಗೆ ಈಗಲೇ ಹೋಗಬೇಕು ಎಂದಳು. ಅವಳ ಮುಖ ನೋಡಿ ಮುದುಕ ಡ್ರೈವರ್ ಬೀಡಿ ಎಸೆದ. "ಜಲ್ದಿ ಹತ್ತು ಬೇಟಿ" ಎಂದ. ದಾರಿಯುದ್ದಕ್ಕೂ ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಬಗ್ಗಿ ಕೂತಿದ್ದಳು, ಬಗ್ಗಿ ಕೂತರೆ ಆಟೋ ಬೇಗ ಹೋಗುತ್ತದೇನೋ ಎಂಬಂತೆ. ಒಂದು ಕಡೆ ಕುರಿಮಂದೆ ಅಡ್ಡ ಬಂತು. ಇಳಿದು ತಾನೇ ಕುರಿಗಳನ್ನು ಅಟ್ಟಿದಳು. ಕುರಿಯವನು ಬೈದದ್ದು ಅವಳ ಕಿವಿಗೆ ಬೀಳಲಿಲ್ಲ. ಕೆರೆಗೆ ಹೋಗಿರಬಾರದು, ಹಾಸ್ಟೆಲಿಗೆ ಹೋಗಿರಲಿ, ಎಲ್ಲಿಗಾದರೂ ಹೋಗಿರಲಿ ಎಂದು ಒಳಗೇ ಬೇಡಿಕೊಳ್ಳುತ್ತಿದ್ದಳು. ಯಾವ ದೇವರನ್ನು ಎಂದು ಅವಳಿಗೇ ಗೊತ್ತಿರಲಿಲ್ಲ.

ಇಂದ್ರಮ್ಮ ಅದೇ ಜಾಗದಲ್ಲಿ ಹೊಲಿಯುತ್ತಿದ್ದಳು. "ರಕ್ಷಾ ಬಂದ್ಲಾ?" ಎಂದು ಶರಣ್ಯಾ ಬಾಗಿಲಲ್ಲೇ ನಿಂತು ಕೇಳಿದಳು.

"ಇಲ್ವಲ್ಲ. ಇವತ್ತು ಆಟ ಅಲ್ವೇನಮ್ಮ? ನಿನ್ ಮುಖ ಯಾಕ್ ಇಂಗೈತೆ?"

ಶರಣ್ಯಾ ಹೇಳಿದಳು. ಸುತ್ತಿ ಬಳಸಿ ಹೇಳಲು ಹೊತ್ತಿರಲಿಲ್ಲ. ಗೆಲ್ಲಬೇಕಾಗಿತ್ತು ಅದಕ್ಕೆ ಬಂದಿದ್ದೆ, ನೀವು ಹೇಳಿದ್ದನ್ನು ಇಟ್ಟುಕೊಂಡೆ, ನೀವು ಹೇಳದೇ ಇದ್ದದ್ದನ್ನು ನೀವೇ ಹೇಳಿದಿರಿ ಎಂದು ಅವಳ ಕಿವಿಯಲ್ಲಿ ಹೇಳಿದೆ. ಆ ಮಾತನ್ನೂ ಇದ್ದ ಹಾಗೆ ಒಪ್ಪಿಸಿದಳು. ಇಂದ್ರಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ಸೂಜಿಯ ಕೆಳಗಿನ ಬಟ್ಟೆ ಹಾಗೇ ಬಿಟ್ಟು ಎದ್ದಳು. ಬೀದಿಯ ತಿರುವಿನ ತನಕ ನಡೆದಳು, ಆಮೇಲೆ ಬರಿಗಾಲಿನಲ್ಲಿ ಓಡತೊಡಗಿದಳು. ಶರಣ್ಯಾ ಹಿಂದೆ ಓಡಿದಳು. ಆ ವಯಸ್ಸಿನ ಹೆಂಗಸನ್ನು ಅವಳಿಗೆ ಹಿಡಿಯಲಾಗಲಿಲ್ಲ.

ಕೆರೆ ಏರಿಯ ಮೇಲೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಮೆಟ್ಟಿಲ ಕೊನೆಯಲ್ಲಿ ರಕ್ಷಾ ಕೂತಿದ್ದಳು, ಮೊಣಕಾಲಿನ ತನಕ ನೀರಿನಲ್ಲಿ. ಕೈಗೆ ಸುತ್ತಿದ ಪಟ್ಟಿ ನೆನೆದು ಜೋತುಬಿದ್ದಿತ್ತು. ಇಂದ್ರಮ್ಮ ಇಳಿದು ಹೋಗಿ ಅವಳ ಒಂದು ಮೆಟ್ಟಿಲು ಕೆಳಗೆ, ನೀರಿನ ಕಡೆಗೆ, ಅಡ್ಡವಾಗಿ ಕೂತಳು. ಸೀರೆ ನೀರಿನಲ್ಲಿ ಹರಡಿಕೊಂಡಿತು.

"ಅವ್ಳು ಹೇಳಿದ್ ಮಾತು ನಾನು ಅಂದಿದ್ದಲ್ಲ" ಎಂದಳು.

ರಕ್ಷಾ ನೀರನ್ನೇ ನೋಡುತ್ತ ಕೇಳಿದಳು. "ಅನ್ಕೊಂಡಿಲ್ವಾ ಅಮ್ಮ?"

ಇಂದ್ರಮ್ಮ ತಡೆದು ತಡೆದು ಉಸಿರು ಎಳೆದುಕೊಂಡಳು. ಏರಿಯ ಮೇಲೆ ನಿಂತಿದ್ದ ಶರಣ್ಯಾ, ಇಲ್ಲ ಅನ್ನಿ, ಇಲ್ಲ ಅಂದುಬಿಡಿ ಎಂದು ಮನಸ್ಸಿನಲ್ಲೇ ಅಂಗಲಾಚಿದಳು.

"ಅನ್ಕೊಂಡಿದ್ದೆ" ಎಂದಳು ಇಂದ್ರಮ್ಮ. "ಮೊದಮೊದ್ಲು ದಿನಾ ಅನ್ಕೊಂಡಿದ್ದೆ. ನಿನ್ ಮುಖ ನೋಡಕ್ಕೂ ಆಗ್ತಿರ್ಲಿಲ್ಲ. ಆಮ್ಯಾಕೆ, ನಿನ್ ಜೊತೆ ಕಳ್ಸಿದ್ದು ನಾನೇ ಅಲ್ವಾ ಅನ್ಕೊಂಡೆ. ನಂಗ್ ನಾನೇ ಬೈಕೊಂಡೆ. ಈಗ ಯಾರ್ಗೂ ಬೈಯಲ್ಲ ಮಗ. ಶಕ್ತಿ ಇಲ್ಲ. ನೀನೊಬ್ಳು ಇರು ಅಷ್ಟೇ."

ರಕ್ಷಾಳ ಗಂಟಲಿನಿಂದ ಒಂದು ಸದ್ದು ಬಂತು, ಅಳು ಎಂದೂ ಹೇಳಲಾಗದ್ದು. ತಾಯಿ ಅವಳ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು. ಆ ಇಬ್ಬರೂ ಎಷ್ಟು ಹೊತ್ತು ಅಲ್ಲಿದ್ದರೋ, ದನ ಹೊಡೆದುಕೊಂಡು ಬಂದವರು ಏರಿಯ ಮೇಲೆ ನಿಂತು ನೋಡಿ ಹೋದರು. ಮೇಲೆ ಬಂದಾಗ ಇಂದ್ರಮ್ಮ ಶರಣ್ಯಾಳ ಮುಂದೆ ಒಂದು ಗಳಿಗೆ ನಿಂತಳು.

"ಓಡ್ಬಂದು ಹೇಳ್ದೆ. ಅದೊಂದು ಒಳ್ಳೇದ್ ಮಾಡ್ದೆ. ಇನ್ನು ಈ ಊರಿಗೆ ಬರ್ಬೇಡಮ್ಮ."

ರಕ್ಷಾ ಅವಳ ಕಡೆ ನೋಡದೆ ದಾಟಿ ಹೋದಳು.

ಶಿರಾಕ್ಕೆ ವಾಪಸು ಬರುವ ಬಸ್ಸಿನಲ್ಲಿ ಸುರೇಶನ ಫೋನ್ ಬಂತು. ಎಲ್ಲಿ ಹಾಳಾಗಿ ಹೋದೆ, ಹೆಸರು ಕಳಿಸಬೇಕು, ಸಹಿ ಬೇಕು ಎಂದು ಒಂದೇ ಸಮ ಹೇಳಿದ.

"ರಕ್ಷಾ ಹೆಸರು ಕಳ್ಸಿ ಸಾರ್. ನಂಗೆ ಕೈ ನೋವು ಅಂತ ಬರ್ದುಕೊಡ್ತೀನಿ."

"ತಲೆ ಕೆಟ್ಟೈತಾ ನಿಂಗೆ?"

ಪ್ರಭುವಿನ ವಿಷಯ, ರಕ್ಷಾಳ ಕಿವಿಯಲ್ಲಿ ಹೇಳಿದ ಮಾತು, ಎರಡನ್ನೂ ಅವಳು ಅವನಿಗೆ ಹೇಳಿದಳು. ಅಕ್ಕಪಕ್ಕದ ಸೀಟಿನವರು ಕೇಳಿಸಿಕೊಳ್ಳುತ್ತಿದ್ದರು.

"ನಾನು ಅವ್ಳ ಆಟದ ಬಗ್ಗೆ, ಸೋತಿದ್ರ ಬಗ್ಗೆ ಏನಾರಾ ಅಂತಿದ್ದೆ" ಎಂದ ಸುರೇಶ್. "ಇದನ್ನಲ್ಲ."

"ನೋವಿರೋ ಜಾಗ ಅಂದ್ರಿ ಸಾರ್."

ಅವನು ಫೋನ್ ಇಟ್ಟ. ರಾಜ್ಯ ಮಟ್ಟಕ್ಕೆ ರಕ್ಷಾಳ ಹೆಸರೇ ಹೋಯಿತು. ಮೊದಲು ಒಲ್ಲೆನೆಂದಳಂತೆ, ತಾಯಿಯೇ ಹೊರಡಿಸಿದಳಂತೆ. ಅಲ್ಲಿ ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ಸೋತಳು ಎಂದು ಸಹನಾ ಹೇಳಿದಳು.

ಓಬಳಮ್ಮನಿಗೆ ಶರಣ್ಯಾ ಪೂರ್ತಿ ವಿಷಯ ಹೇಳಲಿಲ್ಲ. "ಗೆದ್ದೆ ಅಂತಾರೆ, ಹೋಗ್ಲಿಲ್ಲ ಅಂತಾರೆ, ಏನೇ ಇದು?" ಎಂದು ತಾಯಿ ಕೇಳಿದರೆ "ಗೆಲ್ಲಲಿಲ್ಲಮ್ಮ" ಎಂದಷ್ಟೇ ಹೇಳಿದಳು. ಕೊರಟಗೆರೆಯವರು ಬಂದು ನೋಡಿಕೊಂಡು ಹೋದರು. ಅವಳು ತಲೆಬಗ್ಗಿಸಿ ಕೂತಿದ್ದಳು. ಮಾತು ಮುಗಿಯಿತು, ಮದುವೆಯ ದಿನ ನಿಶ್ಚಯವಾಯಿತು. ಗೋಡೌನಿಗೆ ಹೋಗುವುದನ್ನು ಅವಳು ಬಿಟ್ಟಳು. ಪ್ಲೇಟು ಒರೆಸಲು ಮಾತ್ರ ಹೋಗುತ್ತಿದ್ದಳು.

ಮದುವೆಗೆ ಹತ್ತಿರವಿದ್ದಾಗ ಒಂದು ಮಧ್ಯಾಹ್ನ, ಬುತ್ತಿ ಬಿಚ್ಚಿಕೊಂಡು ಪ್ಲೇಟಿನ ನೆರಳಿಗೆ ಕೂತಿದ್ದಾಗ, ಫೋನ್ ಬಂತು. ರಕ್ಷಾಳ ನಂಬರು. ಎತ್ತುವುದೋ ಬಿಡುವುದೋ ತಿಳಿಯದೆ ಕೊನೆಯ ರಿಂಗಿಗೆ ಎತ್ತಿದಳು.

"ಅಕ್ಕ" ಎಂದಳು ರಕ್ಷಾ. ಸಿಟ್ಟಿನ ದನಿಯಲ್ಲ. ದಣಿದ ದನಿ. "ನೀನು ಸುಳ್ ಹೇಳ್ದೆ ಅಂತ ಗೊತ್ತು. ಅಮ್ಮ ಅಂಗೆ ಅಂದಿಲ್ಲ ಅಂತಾನೂ ಗೊತ್ತು. ಈಗ ನಾನು ಅಮ್ಮ ಪ್ರಭು ಬಗ್ಗೆ ಮಾತಾಡ್ತೀವಿ, ಮನೇಲಿ ನಾಕ್ ದಿನ ಇರ್ತೀನಿ."

"ಹೂಂ."

"ಆದ್ರೆ ರಿಂಗಿಗೆ ಹೋದ್ರೆ, ಯಾರಾದ್ರೂ ಹತ್ರ ಬಂದು ಹಿಡ್ಕೊಂಡ್ರೆ, ಅದೇ ಕೇಳುಸ್ತದೆ. ನಿನ್ ದನೀಲೇ. ಸ್ಟೇಟಲ್ಲಿ ಸೋತಿದ್ದೂ ಅಂಗೇ. ಆ ಹುಡ್ಗಿ ತಬ್ಕೊಂಡ್ಲು, ಬಾಯೇ ಬಿಡ್ಲಿಲ್ಲ ಅವ್ಳು, ನನ್ ಕೈ ಇಳ್ದೋದ್ವು."

ಶರಣ್ಯಾ ಬುತ್ತಿ ಪಕ್ಕಕ್ಕೆ ಸರಿಸಿದಳು. ಹೇಳಿದ್ದನ್ನು ಮತ್ತೆ ಮತ್ತೆ ಸುಳ್ಳು ಎನ್ನಬಹುದಿತ್ತು, ಕಾಲು ಹಿಡಿಯುತ್ತೇನೆ ಎನ್ನಬಹುದಿತ್ತು. ಅದರಿಂದ ಈ ಹುಡುಗಿಗೆ ಏನೂ ಆಗುವುದಿಲ್ಲ ಎಂದು ಅವಳಿಗೆ ಕಂಡಿತು.

"ಯಾರ್ನ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ" ಎಂದಳು ರಕ್ಷಾ. "ಅದಕ್ಕೇ ನಿಂಗ್ ಫೋನ್ ಮಾಡ್ದೆ. ಅದನ್ನ ಕಿವಿಯಿಂದ ತೆಗ್ಯೋದು ಹೆಂಗಕ್ಕ?"

"ನಂಗ್ ಗೊತ್ತಿಲ್ಲ ರಕ್ಷಾ" ಎಂದಳು ಶರಣ್ಯಾ. "ನಂಗೂ ಕೇಳುಸ್ತದೆ."

ಆಚೆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಮೇಸ್ತ್ರಿ ದೂರದಿಂದ ಎಲ್ಲರನ್ನೂ ಕೆಲಸಕ್ಕೆ ಕೂಗಿದ, ಹೆಂಗಸರು ಬುತ್ತಿ ಮುಚ್ಚಿ ಒಬ್ಬೊಬ್ಬರೇ ಎದ್ದರು. ಶರಣ್ಯಾ ಏಳಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಕೂತಳು. ರಕ್ಷಾಳೂ ಫೋನ್ ಇಡಲಿಲ್ಲ.